ಹುಟ್ಟುಗುಣ ಸುಟ್ಟರೂ ಹೋಗದ ಭಾಷೆ: ಜಾವಾಸ್ಕ್ರಿಪ್ಟ್‌ನಲ್ಲಿ ಜನವರಿ ಯಾಕೆ ಸೊನ್ನೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇನೆ.)



ಇವತ್ತಿನ ವಿಷಯ ಜಾವಾಸ್ಕ್ರಿಪ್ಟ್. "ನಾನು ಕೋಡಿಂಗ್ ಮಾಡಲ್ಲ, ನಂಗ್ಯಾಕೆ ಇದು" ಅಂತ ಮುಂದಕ್ಕೆ ಓಡಿಸಬೇಡಿ. ನಾನೂ ಬಿಕಾಂ ಓದಿದವನೇ. ಆದರೆ ನೀವು ಫೋನಲ್ಲಿ ಬ್ರೌಸರ್ ತೆರೆದು ಟಿಕೆಟ್ ಬುಕ್ ಮಾಡಿದಾಗ, ರಿಸಲ್ಟ್ ನೋಡಿದಾಗ, ಒಂದು ಬಟನ್ ಒತ್ತಿದ ತಕ್ಷಣ ಪೇಜು ಅಲ್ಲಾಡಿದಾಗ, ಹಿಂದೆ ಕೆಲಸ ಮಾಡ್ತಿರೋದು ಬಹುಪಾಲು ಈ ಭಾಷೆಯೇ. ಮತ್ತೆ ಈ ಭಾಷೆಯಿಂದ ನಾನು ಒಂದ್ಸಲ ಮನೆಯವರ ಹತ್ರ ಸರಿಯಾಗಿ ಬೈಸ್ಕೊಂಡಿದ್ದೀನಿ. ಅಲ್ಲಿಂದಲೇ ಶುರು ಮಾಡ್ತೀನಿ.

ಏಪ್ರಿಲ್ ಕಳೆದುಹೋದ ಕಥೆ

ಡಿಗ್ರಿ ಮುಗಿದು ಎರಡು ವರ್ಷ ಆಗಿತ್ತು. ಯೂಟ್ಯೂಬ್ ನೋಡಿ ಅಷ್ಟಿಷ್ಟು ಕೋಡಿಂಗ್ ಕಲಿತಿದ್ದೆ. ತಿಪಟೂರಲ್ಲಿ ನಮ್ಮ ಚಿಕ್ಕಪ್ಪಂದು ಹಾರ್ಡ್‌ವೇರ್ ಅಂಗಡಿ ಇದೆ. "ಚಿಕ್ಕಪ್ಪ, ದುಡ್ಡು ಕೊಟ್ಟು ಬಿಲ್ಲಿಂಗ್ ಸಾಫ್ಟ್‌ವೇರ್ ಯಾಕೆ, ನಾನೇ ಒಂದು ಪೇಜ್ ಮಾಡ್ಕೊಡ್ತೀನಿ" ಅಂದೆ. ಮಾರ್ಚ್ ಕೊನೆಗೆ ಮಾಡಿಯೂ ಕೊಟ್ಟೆ. ಏಪ್ರಿಲ್ 1, ಹೊಸ ಹಣಕಾಸು ವರ್ಷ, ಬಿಲ್ ನಂಬರ್ ಮತ್ತೆ ಒಂದರಿಂದ. ಎಲ್ಲ ಚೆನ್ನಾಗಿ ನಡೀತು.

ಮೇ ಮೊದಲ ವಾರ ಜಿಎಸ್‌ಟಿ ರಿಟರ್ನ್ ಹಾಕೋಕೆ ಕೂತ ಆಡಿಟರ್ ಫೋನ್ ಮಾಡಿದ್ರು. ಏಪ್ರಿಲ್ ತಿಂಗಳ ಬಿಲ್ ಒಂದೂ ಇಲ್ಲ. ಮಾರ್ಚ್ ಬಿಲ್ ಮಾತ್ರ ಎರಡು ಕಟ್ಟು. ಏಪ್ರಿಲ್ 5ರ ಬಿಲ್ ಮೇಲೆ 05/03 ಅಂತ ಪ್ರಿಂಟ್ ಆಗಿತ್ತು. ಕಾಮರ್ಸ್ ಓದಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಂದಿಡೀ ತಿಂಗಳ ವ್ಯಾಪಾರ ಕಳೆದ ವರ್ಷದ ಲೆಕ್ಕಕ್ಕೆ ಹೋಗಿ ಕೂತಿತ್ತು.

"ಏನೋ ಇದು, ನಿನ್ನ ಕಂಪ್ಯೂಟರ್‌ಗೆ ಏಪ್ರಿಲ್ ಅಂತ ಒಂದು ತಿಂಗಳಿದೆ ಅಂತ ಗೊತ್ತಿಲ್ವಾ?" ಅಂದ್ರು ಚಿಕ್ಕಪ್ಪ. ಆ ರಾತ್ರಿ ಇಬ್ಬರೂ ಕೂತು, ಯುಪಿಐ ಮೆಸೇಜ್‌ಗಳ ತಾರೀಖು ನೋಡ್ಕೊಂಡು ನೂರಕ್ಕೂ ಹೆಚ್ಚು ಬಿಲ್‌ಗಳನ್ನ ಒಂದೊಂದಾಗಿ ತಾಳೆ ಹಾಕಿದ್ವಿ.

ತಪ್ಪು ಎಲ್ಲಿತ್ತು ಅಂದ್ರೆ, ಜಾವಾಸ್ಕ್ರಿಪ್ಟ್‌ನಲ್ಲಿ "ಇದು ಎಷ್ಟನೇ ತಿಂಗಳು" ಅಂತ ಕೇಳೋಕೆ ಗೆಟ್‌ಮಂತ್ ಅನ್ನೋ ಆಜ್ಞೆ ಇದೆ. ಅದು ಜನವರಿಗೆ 1 ಅನ್ನಲ್ಲ, 0 ಅನ್ನುತ್ತೆ. ಏಪ್ರಿಲ್‌ಗೆ 3. ಡಿಸೆಂಬರ್‌ಗೆ 11. ತಮಾಷೆ ಅಂದ್ರೆ ತಾರೀಖು ಮಾತ್ರ 1ರಿಂದಲೇ ಶುರು. ಒಂದೇ ಸಾಲಲ್ಲಿ ದಿನಕ್ಕೊಂದು ಲೆಕ್ಕ, ತಿಂಗಳಿಗೊಂದು ಲೆಕ್ಕ. ಬರುವ ಸಂಖ್ಯೆಗೆ ನಾವೇ ಒಂದು ಕೂಡಿಸ್ಕೋಬೇಕು. ನಾನು ಕೂಡಿಸಿರಲಿಲ್ಲ.

ಇದನ್ನ ವಿವರಿಸಿದಾಗ ಚಿಕ್ಕಪ್ಪ ಒಂದೇ ಪ್ರಶ್ನೆ ಕೇಳಿದ್ರು: "ತಪ್ಪು ಅಂತ ಗೊತ್ತಿದ್ಮೇಲೆ ಅದನ್ನ ಮಾಡಿದೋರು ಸರಿ ಮಾಡಬಹುದಲ್ವಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ಉತ್ತರ.

ಹತ್ತು ದಿನದಲ್ಲಿ ಹುಟ್ಟಿದ ಭಾಷೆ

1995ಕ್ಕೆ ಹೋಗೋಣ, ಅಮೆರಿಕದ ಕ್ಯಾಲಿಫೋರ್ನಿಯಾಗೆ. ಆಗ ವೆಬ್‌ಸೈಟ್ ಅಂದ್ರೆ ಗೋಡೆಗೆ ಅಂಟಿಸಿದ ಪೋಸ್ಟರ್ ಇದ್ದ ಹಾಗೆ. ಓದಬಹುದು, ಲಿಂಕ್ ಒತ್ತಿ ಇನ್ನೊಂದು ಪೋಸ್ಟರ್‌ಗೆ ಹೋಗಬಹುದು, ಅಷ್ಟೇ. ಒಂದು ಫಾರ್ಮ್ ತುಂಬಿದ್ರೆ ಅದರಲ್ಲಿ ತಪ್ಪಿದೆಯಾ ಅಂತ ತಿಳಿಯೋಕೂ ದೂರದ ಸರ್ವರ್‌ಗೆ ಕಳಿಸಿ ಕಾಯಬೇಕು. ಅದೂ ಆ ಕಾಲದ ಡಯಲ್‌ಅಪ್ ಸ್ಪೀಡಲ್ಲಿ.

ಆಗಿನ ದೊಡ್ಡ ಬ್ರೌಸರ್ ಕಂಪನಿ ನೆಟ್‌ಸ್ಕೇಪ್. ಬ್ರೌಸರ್ ಒಳಗೇ ಓಡುವ ಒಂದು ಪುಟ್ಟ ಭಾಷೆ ಬೇಕು ಅಂತ ಅವರು 1995ರ ಏಪ್ರಿಲ್‌ನಲ್ಲಿ ಬ್ರೆಂಡನ್ ಐಕ್ ಅನ್ನೋ ಪ್ರೋಗ್ರಾಮರ್‌ನ ಕೆಲಸಕ್ಕೆ ತಗೊಂಡ್ರು. ಸ್ಕೀಮ್ ಅನ್ನೋ ಅಚ್ಚುಕಟ್ಟಾದ ಭಾಷೆಯನ್ನ ಬ್ರೌಸರ್‌ಗೆ ತರೋ ಕೆಲಸ ಅಂತ ಅವರಿಗೆ ಆಸೆ ತೋರಿಸಿದ್ರು. ಆದರೆ ಅಷ್ಟರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಜಾವಾ ಭಾಷೆಯ ಗದ್ದಲ ಜೋರಾಗಿತ್ತು, ನೆಟ್‌ಸ್ಕೇಪ್ ಅವರ ಜತೆ ಕೈ ಜೋಡಿಸಿತ್ತು. ಹಾಗಾಗಿ ಮೇಲಿಂದ ಅಪ್ಪಣೆ ಬಂತು: ಹೊಸ ಭಾಷೆ ನೋಡೋಕೆ ಜಾವಾ ಥರ ಇರಬೇಕು, ಆದರೆ ಅದಕ್ಕಿಂತ ಸುಲಭ ಇರಬೇಕು, ಮತ್ತೆ ಬೇಗ ಬೇಕು.

ಆ ವರ್ಷದ ಮೇ ತಿಂಗಳಲ್ಲಿ ಐಕ್ ಸುಮಾರು 10 ದಿನದಲ್ಲಿ ಮೊದಲ ಮಾದರಿ ಬರೆದು ಕೊಟ್ಟರು. ಹೊರಗಿನ ವೇಷ ಜಾವಾದು, ಒಳಗಿನ ಕೆಲವು ಒಳ್ಳೆಯ ಗುಣಗಳು ಸ್ಕೀಮ್ ಮತ್ತು ಸೆಲ್ಫ್ ಅನ್ನೋ ಭಾಷೆಗಳದ್ದು. ಹತ್ತು ದಿನದಲ್ಲಿ ಆಗಿದ್ದು ಮಾದರಿ ಮಾತ್ರ, ಪೂರ್ತಿ ಆಗೋಕೆ ಇನ್ನೂ ತಿಂಗಳುಗಳು ಬೇಕಾದವು. ಆದರೆ ಆ ಆತುರದ ಕೆಲವು ನಿರ್ಧಾರಗಳು ಹಾಗೇ ಉಳಿದುಬಿಟ್ಟವು.

ನಮ್ಮ ಗೆಟ್‌ಮಂತ್ ಅದರಲ್ಲೊಂದು. ತಾರೀಖು, ತಿಂಗಳು ನೋಡಿಕೊಳ್ಳೋ ಭಾಗವನ್ನ ಹೊಸದಾಗಿ ಯೋಚಿಸಿ ಬರೆಯೋಕೆ ಟೈಮ್ ಇರಲಿಲ್ಲ. ಆಗಿನ ಜಾವಾದಲ್ಲಿ ಇದ್ದದ್ದನ್ನೇ ನಕಲು ಮಾಡಿದ್ರು. ಜಾವಾಗೆ ಆ ಅಭ್ಯಾಸ ಬಂದಿದ್ದು ಅದಕ್ಕಿಂತ ಹಳೆಯ ಸಿ ಭಾಷೆಯಿಂದ. ಅಲ್ಲಿ ತಿಂಗಳಿಗೆ 0ಯಿಂದ 11, ವರ್ಷಕ್ಕೆ 1900ರಿಂದ ಎಷ್ಟು ಮುಂದೆ ಅನ್ನೋ ಲೆಕ್ಕ. ಅಂದ್ರೆ ಚಿಕ್ಕಪ್ಪನ ಅಂಗಡಿಯ ಏಪ್ರಿಲ್ ತಿಂದಿದ್ದು ಮೂರು ತಲೆಮಾರಿನಿಂದ ಬಂದ ಆಸ್ತಿ.

ಜಾವಾ ತನ್ನ ಆ ಹಳೇ ವಿಧಾನಗಳನ್ನ 1997ರಲ್ಲೇ "ಇನ್ನು ಬಳಸಬೇಡಿ" ಅನ್ನೋ ಪಟ್ಟಿಗೆ ಹಾಕಿತು. ನಕಲು ಮಾಡಿದ ಜಾವಾಸ್ಕ್ರಿಪ್ಟ್‌ನಲ್ಲಿ ಅದು ಇಂದಿಗೂ ದಿನಬಳಕೆಯಲ್ಲಿದೆ.

ಕೋಲಿಗೂ ಕೋಲಾರಕ್ಕೂ ಏನು ಸಂಬಂಧ?

ಹೆಸರಿನ ಕಥೆ ಇನ್ನೂ ಮಜವಾಗಿದೆ. ಒಳಗಿನ ಹೆಸರು ಮೋಕಾ. ಸೆಪ್ಟೆಂಬರ್‌ನಲ್ಲಿ ಬೀಟಾ ಬಂದಾಗ ಲೈವ್‌ಸ್ಕ್ರಿಪ್ಟ್. 1995ರ ಡಿಸೆಂಬರ್ 4ರಂದು ನೆಟ್‌ಸ್ಕೇಪ್ ಮತ್ತು ಸನ್ ಸೇರಿ ಜಾವಾಸ್ಕ್ರಿಪ್ಟ್ ಅಂತ ಘೋಷಣೆ ಮಾಡಿದ್ರು. ಜಾವಾ ಹೆಸರಿಗೆ ಆಗ ಇದ್ದ ಕಿಮ್ಮತ್ತು ಇದಕ್ಕೂ ಸಿಗಲಿ ಅಂತ. ಇವತ್ತಿಗೂ ಇಂಟರ್ವ್ಯೂನಲ್ಲಿ ಎರಡನ್ನೂ ಒಂದೇ ಅಂದ್ಕೊಂಡು ಪೇಚಿಗೆ ಸಿಕ್ಕೋರಿದ್ದಾರೆ. ಜಾವಾಗೂ ಜಾವಾಸ್ಕ್ರಿಪ್ಟ್‌ಗೂ ಸಂಬಂಧ ಹೆಚ್ಚುಕಮ್ಮಿ ಕೋಲಿಗೂ ಕೋಲಾರಕ್ಕೂ ಇರೋ ಸಂಬಂಧದಷ್ಟೇ.

ಆದರೆ ಹೆಸರಿನ ಟ್ರೇಡ್‌ಮಾರ್ಕ್ ಸನ್ ಕಂಪನಿಯದ್ದಾಯ್ತು. 2010ರಲ್ಲಿ ಸನ್ ಅನ್ನ ಒರಾಕಲ್ ಕೊಂಡುಕೊಂಡಾಗ ಹೆಸರೂ ಅವರ ಪಾಲಾಯ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಎರಡು ಬ್ರೌಸರ್, ಎರಡು ಭಾಷೆ

ಮೈಕ್ರೋಸಾಫ್ಟ್ ಸುಮ್ಮನಿರುತ್ತಾ? 1996ರ ಆಗಸ್ಟ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 3 ಬಂತು. ಅದರಲ್ಲಿ ಜಾವಾಸ್ಕ್ರಿಪ್ಟ್‌ನ ನೋಡಿ ನೋಡಿ ತಾವೇ ಕಟ್ಟಿದ ಭಾಷೆ ಇತ್ತು. ಹೆಸರಿನ ಹಕ್ಕು ಇಲ್ಲದ ಕಾರಣ ಅದನ್ನ ಜೆಸ್ಕ್ರಿಪ್ಟ್ ಅಂದ್ರು. ಹೆಚ್ಚಾಗಿ ಒಂದೇ ಥರ, ಆದರೆ ಪೂರ್ತಿ ಒಂದೇ ಅಲ್ಲ. ವೆಬ್‌ಸೈಟ್ ಮಾಡೋರಿಗೆ ತಲೆನೋವು. ಇಲ್ಲಿ ಓಡೋದು ಅಲ್ಲಿ ಓಡಲ್ಲ. "ಈ ಪೇಜ್ ನೆಟ್‌ಸ್ಕೇಪ್‌ನಲ್ಲಿ ಚೆನ್ನಾಗಿ ಕಾಣುತ್ತೆ" ಅಂತ ಬೋರ್ಡ್ ಹಾಕೋ ಕಾಲ ಅದು.

ನಮ್ಮ ಮನೆಯ ಪ್ಲಗ್ಗು ಸಾಕೆಟ್ಟು ನೆನೆಸ್ಕೊಳ್ಳಿ. ಯಾವ ಕಂಪನಿಯ ಮಿಕ್ಸಿ ತಂದರೂ ಯಾವ ಮನೆಯ ಸಾಕೆಟ್‌ಗೂ ಕೂರುತ್ತೆ. ಯಾಕಂದ್ರೆ ಪಿನ್ ಎಷ್ಟು ದಪ್ಪ, ಎಷ್ಟು ದೂರ ಅಂತ ಒಂದು ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಆ ಕಾಗದ ಯಾವ ಮಿಕ್ಸಿ ಕಂಪನಿಯ ಆಸ್ತಿಯೂ ಅಲ್ಲ. ಸ್ಟ್ಯಾಂಡರ್ಡ್ ಅಂದ್ರೆ ಇಷ್ಟೇ.

ಜಾವಾಸ್ಕ್ರಿಪ್ಟ್‌ಗೂ ಅಂಥ ಒಂದು ಕಾಗದ ಬೇಕಾಯ್ತು. 1996ರ ನವೆಂಬರ್‌ನಲ್ಲಿ ನೆಟ್‌ಸ್ಕೇಪ್ ಈ ಭಾಷೆಯನ್ನ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿರೋ ಎಕ್ಮಾ ಅನ್ನೋ ಸಂಸ್ಥೆಯ ಮುಂದೆ ಇಟ್ಟಿತು. ಯುರೋಪಿನ ಕಂಪ್ಯೂಟರ್ ತಯಾರಕರು 1961ರಲ್ಲಿ ಕಟ್ಟಿಕೊಂಡ ಸಂಘ ಅದು. ಭಾಷೆ ನೋಡಿಕೊಳ್ಳೋಕೆ ಒಂದು ತಾಂತ್ರಿಕ ಸಮಿತಿ ಆಯ್ತು, ಅದರ ನಂಬರ್ 39. ಅದಕ್ಕೇ ಇಂದಿಗೂ ಅದನ್ನ ಟಿಸಿ39 ಅಂತಾರೆ. ಮಾರುಕಟ್ಟೆಯಲ್ಲಿ ಕಿತ್ತಾಡ್ತಿದ್ದ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಒಂದೇ ಮೇಜಿನ ಸುತ್ತ ಕೂತವು.

1997ರ ಜೂನ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಕಡತದ ಹೆಸರು ಎಕ್ಮಾ-262. ಅದರ ಸಂಪಾದಕರು ಸನ್ ಕಂಪನಿಯ ಗೈ ಸ್ಟೀಲ್, ಐಕ್ ಆಸೆಪಟ್ಟಿದ್ದ ಆ ಸ್ಕೀಮ್ ಭಾಷೆಯನ್ನ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು.

ಜಾವಾಸ್ಕ್ರಿಪ್ಟ್ ಅನ್ನೋ ಹೆಸರು ಸನ್ ಟ್ರೇಡ್‌ಮಾರ್ಕ್ ಆಗಿದ್ದರಿಂದ ಸ್ಟ್ಯಾಂಡರ್ಡ್‌ಗೆ ಎಕ್ಮಾಸ್ಕ್ರಿಪ್ಟ್ ಅಂತ ಹೆಸರಿಟ್ಟರು. ಯಾರಿಗೂ ಇಷ್ಟವಾಗದ, ಯಾವುದೋ ಚರ್ಮರೋಗದ ಥರ ಕೇಳಿಸೋ ಹೆಸರು ಅಂತ ಐಕ್ ಅವರೇ ಆಮೇಲೆ ನಕ್ಕಿದ್ದಾರೆ. ಇಸುಬಿಗೆ ಇಂಗ್ಲಿಷಲ್ಲಿ ಏನಂತಾರೆ ನೆನಪು ಮಾಡ್ಕೊಳ್ಳಿ, ಜೋಕು ಅರ್ಥ ಆಗುತ್ತೆ.

ಮುಂದೆ ಏನಾಯ್ತು ಗಮನಿಸಿ. ನೆಟ್‌ಸ್ಕೇಪ್ ಸೋತಿತು, 1999ರ ಹೊತ್ತಿಗೆ ಎಒಎಲ್ ಪಾಲಾಯ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ 2022ರಲ್ಲಿ ಮೈಕ್ರೋಸಾಫ್ಟ್ ತೆರೆ ಎಳೆಯಿತು. ಭಾಷೆ ಮಾತ್ರ ಉಳಿಯಿತು. ಪಕ್ಕದಲ್ಲೇ ಫ್ಲ್ಯಾಶ್ ಇಟ್ಟು ನೋಡಿ. ಸ್ಕೂಲ್ ಕಂಪ್ಯೂಟರ್ ಲ್ಯಾಬಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡಿದ ಆಟಗಳು ಅದರಲ್ಲೇ ಇದ್ದವು. ಫ್ಲ್ಯಾಶ್ ಪ್ಲೇಯರ್ ಒಂದು ಕಂಪನಿಯ ಕೈಯಲ್ಲಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಬಾಗಿಲು ಹಾಕಿತು, ಆಟಗಳೂ ಬ್ರೌಸರ್‌ನಿಂದ ಮಾಯವಾದವು. ಜಾವಾಸ್ಕ್ರಿಪ್ಟ್‌ಗೆ ಹಾಗೆ ಬಾಗಿಲು ಹಾಕೋ ಅಧಿಕಾರ ಯಾವೊಂದು ಕಂಪನಿಗೂ ಇಲ್ಲ.

ಅಳಿಸಬೇಡ, ಇನ್ನೊಂದು ಎಂಟ್ರಿ ಬರಿ

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಸಮಿತಿ ಇದೆ, ಕಾಗದ ಇದೆ. ತಪ್ಪು ತಿದ್ದೋಕೆ ಏನು ಕಷ್ಟ?

ಪಿಯುಸಿ ಅಕೌಂಟೆನ್ಸಿ ಕ್ಲಾಸಲ್ಲಿ ಒಂದು ಪಾಠ ಇತ್ತು. ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂಟ್ರಿ ಬಿದ್ದರೆ ಅದನ್ನ ರಬ್ಬರ್ ಹಾಕಿ ಅಳಿಸೋ ಹಾಗಿಲ್ಲ. ಯಾಕಂದ್ರೆ ಆ ಎಂಟ್ರಿ ನೋಡಿ ಲೆಡ್ಜರ್ ಬರೆದಿರ್ತಾರೆ, ಲೆಡ್ಜರ್ ನೋಡಿ ಟ್ರಯಲ್ ಬ್ಯಾಲೆನ್ಸ್ ಹಾಕಿರ್ತಾರೆ. ಮಧ್ಯದ ಒಂದನ್ನ ಅಳಿಸಿದ್ರೆ ಮೇಲಿನದೆಲ್ಲ ಸುಳ್ಳಾಗುತ್ತೆ. ಹಳೆಯದು ಹಾಗೇ ಇರಲಿ, ಸರಿಪಡಿಸೋ ಇನ್ನೊಂದು ಎಂಟ್ರಿ ಬರಿ. ರೆಕ್ಟಿಫಿಕೇಶನ್ ಎಂಟ್ರಿ ಅಂತಾರೆ.

ಜಾವಾಸ್ಕ್ರಿಪ್ಟ್ ಇತಿಹಾಸ ಪೂರ್ತಿ ಇಂಥ ಎಂಟ್ರಿಗಳೇ.

ಮೊದಲನೆಯದು, ವರ್ಷ. ಗೆಟ್‌ಇಯರ್ ಅಂತ ಕೇಳಿದ್ರೆ 1995ಕ್ಕೆ 95 ಬರ್ತಿತ್ತು. ಜನ ಅದರ ಮುಂದೆ 19 ಅಂಟಿಸಿ ಪೇಜಲ್ಲಿ ತೋರಿಸ್ತಿದ್ರು. 2000 ಬಂದಾಗ ಉತ್ತರ 100 ಆಯ್ತು. ಎಷ್ಟೋ ವೆಬ್‌ಸೈಟ್‌ಗಳಲ್ಲಿ ಹೊಸ ವರ್ಷದ ದಿನ 19100ನೇ ಇಸವಿ ಕಾಣಿಸಿತು. ಪರಿಹಾರ? ಪೂರ್ತಿ ವರ್ಷ ಕೊಡೋ ಗೆಟ್‌ಫುಲ್‌ಇಯರ್ ಅನ್ನೋ ಬೇರೆ ಆಜ್ಞೆ. ಹಳೆಯದು ಇನ್ನೂ ಬ್ರೌಸರ್ ಒಳಗೆ ಕೂತಿದೆ.

ಎರಡನೆಯದು, ಸಮ ಚಿಹ್ನೆ. ಎರಡು ಗೆರೆಜೋಡಿ, ಅಂದ್ರೆ ಡಬಲ್ ಈಕ್ವಲ್ಸ್ ಹಾಕಿ ಎರಡು ವಸ್ತು ಒಂದೇನಾ ಅಂತ ಕೇಳಬಹುದು. ಇದು ಉದಾರ ಮನಸ್ಸಿನದು, ಅಂಕಿ ಮತ್ತು ಪದ ಬೇರೆಬೇರೆ ಇದ್ರೂ ತಾನೇ ಬದಲಾಯಿಸಿ ಹೋಲಿಸುತ್ತೆ. ಅದರ ಪ್ರಕಾರ ಏನೂ ಬರೆಯದ ಖಾಲಿ ಪದ ಸಂಖ್ಯೆ ಸೊನ್ನೆಗೆ ಸಮ. ಸೊನ್ನೆ ಅಂತ ಟೈಪ್ ಮಾಡಿದ ಪದವೂ ಸಂಖ್ಯೆ ಸೊನ್ನೆಗೆ ಸಮ. ಆದರೆ ಆ ಎರಡು ಪದಗಳು ಒಂದಕ್ಕೊಂದು ಸಮ ಅಲ್ಲ! ರಾಮನ ಎತ್ತರ ಭೀಮನಷ್ಟು, ಭೀಮನ ಎತ್ತರ ಸೋಮನಷ್ಟು, ಆದರೆ ರಾಮ ಸೋಮ ಬೇರೆಬೇರೆ ಎತ್ತರ ಅಂದ ಹಾಗೆ. ಇದನ್ನ ತಿದ್ದಲಿಲ್ಲ. 1999ರ ಡಿಸೆಂಬರ್‌ನಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಮೂರು ಗೆರೆಜೋಡಿಯ ಟ್ರಿಪಲ್ ಈಕ್ವಲ್ಸ್ ಅನ್ನೋ ಕಟ್ಟುನಿಟ್ಟಾದ ಚಿಹ್ನೆ ಸೇರಿಸಿದ್ರು. ಇಂದು ಯಾವ ಕೋಡಿಂಗ್ ಕೋರ್ಸಿಗೆ ಹೋದರೂ "ಮೂರು ಹಾಕಿ, ಎರಡು ಬೇಡ" ಅಂತಲೇ ಹೇಳಿಕೊಡ್ತಾರೆ.

ಮೂರನೆಯದಕ್ಕೆ ತಿದ್ದುಪಡಿಯೇ ಸಿಗಲಿಲ್ಲ. ನಲ್ ಅಂದ್ರೆ "ಏನೂ ಇಲ್ಲ". ಅದು ಯಾವ ಜಾತಿಯ ವಸ್ತು ಅಂತ ಟೈಪ್‌ಆಫ್ ಮೂಲಕ ಕೇಳಿದ್ರೆ "ಆಬ್ಜೆಕ್ಟ್" ಅಂತ ಉತ್ತರ ಬರುತ್ತೆ. ಮೊದಲ ಎಂಜಿನ್‌ನಲ್ಲಿ ಮೌಲ್ಯಗಳನ್ನ ಗುರುತು ಹಾಕಿ ಇಡುತ್ತಿದ್ದ ರೀತಿಯಿಂದ ಬಂದ ಎಡವಟ್ಟು ಅದು. ತಿದ್ದೋಣ ಅಂತ ಪ್ರಸ್ತಾವ ಬಂತು, ಎಷ್ಟೋ ಸೈಟ್‌ಗಳು ಕೆಡುತ್ತವೆ ಅಂತ ಕೈಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಅದೇ.

ನಾಲ್ಕನೇ ಆವೃತ್ತಿ ಎಲ್ಲಿ ಹೋಯ್ತು?

ಮೂರನೇ ಆವೃತ್ತಿ 1999ರಲ್ಲಿ. ಐದನೆಯದು 2009ರಲ್ಲಿ. ನಾಲ್ಕು? ಇಲ್ಲ. ಹತ್ತು ವರ್ಷದ ಕಂದಕ.

ನಾಲ್ಕನೇ ಆವೃತ್ತಿಯಲ್ಲಿ ಭಾಷೆಯನ್ನ ದೊಡ್ಡದಾಗಿ ಬದಲಾಯಿಸೋ ಆಸೆ ಇತ್ತು. ಅಡೋಬಿ, ಮೊಜಿಲ್ಲಾ ಥರದವರು ಒಂದು ಕಡೆ, "ಇಷ್ಟೊಂದು ಬೇಡ, ವೆಬ್ ಕೆಡುತ್ತೆ, ಸಣ್ಣ ಹೆಜ್ಜೆ ಇಡೋಣ" ಅನ್ನೋ ಮೈಕ್ರೋಸಾಫ್ಟ್, ಯಾಹೂ ಇನ್ನೊಂದು ಕಡೆ. ಜಗಳ ವರ್ಷಗಟ್ಟಲೆ ನಡೀತು. ಅದೇ ಸಮಯದಲ್ಲಿ ಹೊರಗೆ ಪ್ರಪಂಚ ಓಡ್ತಿತ್ತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದು, ಪೇಜ್ ರೀಲೋಡ್ ಆಗದೇ ಬ್ರೌಸರ್‌ನಲ್ಲೇ ಇಷ್ಟೆಲ್ಲ ಮಾಡಬಹುದು ಅಂತ ತೋರಿಸಿದ್ದವು. ಅದೂ ಹಳೇ ಮೂರನೇ ಆವೃತ್ತಿಯ ಭಾಷೆಯಲ್ಲೇ.

2008ರ ಜುಲೈನಲ್ಲಿ ನಾರ್ವೆಯ ಓಸ್ಲೋದಲ್ಲಿ ಸಮಿತಿ ಸೇರಿ ರಾಜಿ ಮಾಡಿಕೊಂಡಿತು. ನಾಲ್ಕನ್ನ ಕೈಬಿಡೋದು, ಮೊದಲು ಸಣ್ಣ ಸುಧಾರಣೆ, ಆಮೇಲೆ ಎಲ್ಲರೂ ಒಪ್ಪುವ ದೊಡ್ಡ ಕೆಲಸ. ಆ ಯೋಜನೆಗೆ ಇಟ್ಟ ಹೆಸರು ಹಾರ್ಮನಿ, ಅಂದ್ರೆ ಸಾಮರಸ್ಯ. 2009ರ ಡಿಸೆಂಬರ್‌ನಲ್ಲಿ ಐದನೇ ಆವೃತ್ತಿ ಬಂತು. ಅದೇ ವರ್ಷ ರಯಾನ್ ಡಾಲ್ ಮಾಡಿದ ನೋಡ್‌ಜೆಎಸ್‌ನಿಂದ ಜಾವಾಸ್ಕ್ರಿಪ್ಟ್ ಬ್ರೌಸರ್ ದಾಟಿ ಸರ್ವರ್ ಕಡೆಯೂ ಜೋರಾಗಿ ಬಳಕೆಗೆ ಬರೋಕೆ ದಾರಿಯಾಯ್ತು. 2015ರ ಜೂನ್‌ನಲ್ಲಿ ಆರನೇ ಆವೃತ್ತಿ ಬಂದಾಗ ಭಾಷೆಯ ಮುಖಚಹರೆಯೇ ಬದಲಾಯಿತು. ಹಾಗಂತ 1997ರ ಕೋಡ್ ನಿಲ್ಲಲಿಲ್ಲ.

ಒಂದು ಪದಕ್ಕಾಗಿ ನಡೆದ ರಂಪ

"ಒಂದು ಹಳೇ ಸೈಟ್ ಕೆಟ್ಟರೆ ಏನಾಯ್ತು ಬಿಡಿ" ಅನ್ನಿಸಬಹುದು. 2018ರಲ್ಲಿ ಈ ಪ್ರಶ್ನೆ ನಿಜವಾಗಿಯೂ ಎದುರಾಯ್ತು.

ಪಟ್ಟಿಯೊಳಗಿನ ಪಟ್ಟಿಗಳನ್ನ ಬಿಡಿಸಿ ಒಂದೇ ಪಟ್ಟಿ ಮಾಡೋ ಸೌಲಭ್ಯ ಬೇಕಿತ್ತು. ಫ್ಲ್ಯಾಟನ್ ಅಂತ ಹೆಸರಿಟ್ಟರು, ಸಹಜವಾದ ಹೆಸರು. ಫೈರ್‌ಫಾಕ್ಸ್‌ನ ಪರೀಕ್ಷಾ ಆವೃತ್ತಿಗೆ ಹಾಕಿ ನೋಡಿದ್ರೆ ಒಂದು ವೆಬ್‌ಸೈಟ್ ಕೆಟ್ಟಿತು. ಕಾರಣ ಮೂಟೂಲ್ಸ್. 2006ರಲ್ಲಿ ಬಂದ, ಒಂದು ಕಾಲದಲ್ಲಿ ಸಾವಿರಾರು ಸೈಟ್‌ಗಳು ಬಳಸಿದ್ದ ಕೋಡ್ ಸಂಗ್ರಹ. ಅದರಲ್ಲಿ ಇದೇ ಹೆಸರಿನ ಸ್ವಂತ ಸೌಲಭ್ಯ ಇತ್ತು, ಹೊಸದು ಬಂದು ಅದಕ್ಕೆ ಡಿಕ್ಕಿ ಹೊಡೀತು.

ಹೊಸ ಹೆಸರು ಏನಿಡೋಣ ಅಂತ ಚರ್ಚೆ ಆದಾಗ ಒಬ್ಬರು ತಮಾಷೆಗೆ ಸ್ಮೂಶ್ ಅಂದ್ರು. ಅಂದ್ರೆ ಹಿಸುಕೋದು ಅನ್ನೋ ಥರ. ತಮಾಷೆ ಅಂತ ಗೊತ್ತಾಗದೆ ಇಂಟರ್ನೆಟ್ ತುಂಬ ಬೈಗುಳ. ಯಾರೋ ಮರೆತ ಹಳೇ ಸೈಟ್‌ಗಾಗಿ ಇಡೀ ಭಾಷೆ ಯಾಕೆ ತಲೆಬಾಗಬೇಕು ಅಂತ ಕೆಲವರು ರೇಗಿದ್ರು. ಕೊನೆಗೆ ಸಮಿತಿ ಫ್ಲ್ಯಾಟ್ ಅಂತ ಗಿಡ್ಡ ಮಾಡಿ, 2019ರ ಆವೃತ್ತಿಗೆ ಸೇರಿಸಿತು. ಹಳೇ ಸೈಟ್ ಉಳೀತು.

ನನಗೆ ಇದು ಸರಿ ಅನ್ನಿಸುತ್ತೆ. ಆ ಹಳೇ ಸೈಟ್ ಯಾರದ್ದೋ ಅಂಗಡಿಯದ್ದಿರಬಹುದು, ಮಾಡಿಕೊಟ್ಟ ಹುಡುಗ ಊರು ಬಿಟ್ಟು ಹೋಗಿರಬಹುದು. ಒಂದು ದಿನ ಬ್ರೌಸರ್ ಅಪ್‌ಡೇಟ್ ಆಗಿ ಪೇಜು ನಿಂತರೆ ಆ ಅಂಗಡಿಯವರಿಗೆ ಕಾರಣವೂ ಗೊತ್ತಾಗಲ್ಲ. ಅವರು ಸಮಿತಿಯ ಮೇಜಿನಲ್ಲಿ ಕೂತಿರಲ್ಲ. ಆದರೂ ಅವರ ಪರವಾಗಿ ಯಾರೋ "ಬೇಡ" ಅನ್ನಬೇಕಲ್ಲ.

ಈಗ ಒಂದು ಬದಲಾವಣೆ ಹೇಗೆ ಪಾಸ್ ಆಗುತ್ತೆ?

2015ರ ನಂತರ ಪ್ರತಿ ವರ್ಷ ಒಂದು ಆವೃತ್ತಿ. ಹತ್ತು ವರ್ಷ ಕಾದು ದೊಡ್ಡ ಗಂಟು ತರೋ ಬದಲು, ತಯಾರಾದಷ್ಟು ಹೊರಗೆ. 2016ರಲ್ಲಿ ಮುಖ್ಯವಾಗಿ ಸೇರಿದ್ದು ಎರಡೇ ಎರಡು ಹೊಸ ಸೌಲಭ್ಯ.

ಪ್ರತಿ ಪ್ರಸ್ತಾವವೂ ಸೊನ್ನೆಯಿಂದ ನಾಲ್ಕರವರೆಗಿನ ಹಂತಗಳನ್ನ ದಾಟಬೇಕು. (ಹೌದು, ಇಲ್ಲೂ ಸೊನ್ನೆಯಿಂದಲೇ ಶುರು.) ಸಮಸ್ಯೆ ನಿಜವಾಗಿಯೂ ಇದೆಯಾ, ಪರಿಹಾರದ ಕರಡು ಎಲ್ಲಿ, ಪರೀಕ್ಷೆಗಳು ಬರೆದಾಯ್ತಾ, ಕೊನೆಗೆ ಕನಿಷ್ಠ ಎರಡು ಕಡೆ ಅದನ್ನ ನಿಜವಾಗಿ ಕಟ್ಟಿ ತೋರಿಸಿದ್ದಾರಾ. ನಿರ್ಧಾರ ಬಹುಮತದಿಂದಲ್ಲ, ಒಮ್ಮತದಿಂದ. ಗೂಗಲ್, ಆಪಲ್, ಮೊಜಿಲ್ಲಾ, ಮೈಕ್ರೋಸಾಫ್ಟ್ ಎಲ್ಲರೂ ಇರೋ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಬೇಡ ಅಂದ್ರೂ ಅದು ನಿಲ್ಲುತ್ತೆ. ನಿಧಾನವೇ. ಆದರೆ ಒಮ್ಮೆ ಒಳಗೆ ಬಂದದ್ದು ಹೊರಗೆ ಹೋಗಲ್ಲ ಅನ್ನೋದಾದ್ರೆ ಬಾಗಿಲಲ್ಲೇ ಸರಿಯಾಗಿ ನೋಡಬೇಕಲ್ವಾ? ಪ್ರಸ್ತಾವಗಳೆಲ್ಲ ಗಿಟ್‌ಹಬ್‌ನಲ್ಲಿ ತೆರೆದಿವೆ. ತುಮಕೂರಿನ ಇಂಜಿನಿಯರಿಂಗ್ ಸ್ಟೂಡೆಂಟ್ ಕೂಡ ಓದಬಹುದು, ಲೋಪ ಕಂಡರೆ ಬರೆಯಬಹುದು.

ನಮಗೆ ನೇರವಾಗಿ ತಟ್ಟುವ ಒಂದು ಭಾಗ ಹೇಳ್ತೀನಿ. ಎಕ್ಮಾ-402 ಅಂತ ಇನ್ನೊಂದು ಕಡತ ಇದೆ, 2012ರ ಡಿಸೆಂಬರ್‌ನಲ್ಲಿ ಮೊದಲು ಬಂತು. ಬೇರೆಬೇರೆ ದೇಶ, ಭಾಷೆಗಳ ರೂಢಿಗಾಗಿ ಮಾಡಿದ್ದು. ಇಂಡಿಯಾ ಅಂತ ಹೇಳಿದ್ರೆ ಸಂಖ್ಯೆಗೆ ಅಲ್ಪವಿರಾಮ ನಮ್ಮ ಲಕ್ಷದ ಲೆಕ್ಕದಲ್ಲಿ ಬೀಳುತ್ತೆ: 1,23,456. ಕನ್ನಡ ಅಂಕಿ ಬೇಕು ಅಂದ್ರೆ ೧,೨೩,೪೫೬ ಅಂತಲೂ ಬರೆದುಕೊಡುತ್ತೆ. ಚಿಕ್ಕಪ್ಪನ ಬಿಲ್‌ನಲ್ಲಿ ಈಗ ಲಕ್ಷದ ಅಲ್ಪವಿರಾಮ ಸರಿಯಾಗಿ ಬೀಳೋದು ಇದರಿಂದಲೇ. ನಾನು ಒಂದು ಸಾಲು ಬರೆದೆ ಅಷ್ಟೇ.

ಹೆಸರಿನ ವಿಷಯ ನೆನಪಿದೆಯಾ? ಕಾಗದ ಎಲ್ಲರದ್ದಾಯ್ತು, ಹೆಸರು ಮಾತ್ರ ಒರಾಕಲ್ ಹತ್ರವೇ ಉಳೀತು. ಆ ಟ್ರೇಡ್‌ಮಾರ್ಕ್ ರದ್ದು ಮಾಡಿ ಅಂತ 2024ರ ನವೆಂಬರ್‌ನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಬಿತ್ತು. ಅರ್ಜಿ ಹಾಕಿದ್ದು ಡೀನೋ ಕಂಪನಿ, ಅದರ ಹಿಂದಿರೋದು ನೋಡ್‌ಜೆಎಸ್ ಮಾಡಿದ ಅದೇ ರಯಾನ್ ಡಾಲ್.

ಚಿಕ್ಕಪ್ಪನಿಗೆ ಉತ್ತರ

ಹಾಗಾದ್ರೆ ಗೆಟ್‌ಮಂತ್ ಗತಿ?

ನಾನು ಆ ರಾತ್ರಿ ಮಾಡಿದ ರಿಪೇರಿ ನೆನಪಿಸಿಕೊಳ್ಳಿ. ಗೆಟ್‌ಮಂತ್ ಕೊಟ್ಟ ಸಂಖ್ಯೆಗೆ ಪ್ಲಸ್ 1 ಹಾಕಿದೆ. ಏಪ್ರಿಲ್‌ಗೆ 3 ಬಂತು, ಒಂದು ಕೂಡಿಸಿ 4. ಈಗ ಸಮಿತಿಯವರು ನಾಳೆ ಬೆಳಿಗ್ಗೆ "ಕ್ಷಮಿಸಿ, ತಪ್ಪಾಗಿತ್ತು" ಅಂತ ಏಪ್ರಿಲ್‌ಗೆ 4 ಕೊಟ್ಟರು ಅಂದ್ಕೊಳ್ಳಿ. ನನ್ನ ಪ್ಲಸ್ 1 ಅಲ್ಲೇ ಇದೆ. ಚಿಕ್ಕಪ್ಪನ ಬಿಲ್ ಮೇಲೆ ಏಪ್ರಿಲ್ ಹೋಗಿ ಮೇ ಆಗುತ್ತೆ! ನನ್ನಂಥವರು ಪ್ರಪಂಚದಲ್ಲಿ ಎಷ್ಟು ಜನ ಎಷ್ಟು ಪೇಜಲ್ಲಿ ಆ ಪ್ಲಸ್ 1 ಹಾಕಿದ್ದಾರೋ, ಅವರೆಲ್ಲರ ಸರಿಯಾದ ಲೆಕ್ಕವೂ ಒಂದೇ ದಿನ ತಪ್ಪಾಗುತ್ತೆ. ತಪ್ಪನ್ನ ಬೈದುಕೊಂಡೇ ನಾನೂ ಅದರ ಮೇಲೆ ಒಂದು ಇಟ್ಟಿಗೆ ಇಟ್ಟುಬಿಟ್ಟಿದ್ದೆ.

ಹಾಗಾಗಿ ಇಲ್ಲೂ ರೆಕ್ಟಿಫಿಕೇಶನ್ ಎಂಟ್ರಿಯೇ ದಾರಿ. ಅದರ ಹೆಸರು ಟೆಂಪೊರಲ್. ತಾರೀಖು, ಸಮಯಕ್ಕೆ ಪೂರ್ತಿ ಹೊಸ ವ್ಯವಸ್ಥೆ. ಸಮಿತಿ ಇದರ ಮೇಲೆ 2017ರಿಂದ ಕೆಲಸ ಮಾಡಿದೆ, 2025ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಬಂತು. ಇದರಲ್ಲಿ ಜನವರಿ ಅಂದ್ರೆ 1. ಹಳೇ ಗೆಟ್‌ಮಂತ್‌ನಲ್ಲಿ ಜನವರಿ ಸೊನ್ನೆಯಾಗಿಯೇ ಇರುತ್ತೆ. ಹತ್ತು ದಿನದ ಆತುರದಲ್ಲಿ ನಕಲು ಮಾಡಿದ್ದಕ್ಕೆ ಸರಿಯಾದ ಎಂಟ್ರಿ ಬರೆಯೋಕೆ ಮೂವತ್ತು ವರ್ಷ ಬೇಕಾಯ್ತು.

ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಪೂರ್ತಿ ಕೇಳಿ, ಹಳೇ ಬಿಲ್ ಕಟ್ಟಿನ ಕಡೆ ಕೈ ತೋರಿಸಿ ಅಂದ್ರು: "ಸರಿ ಬಿಡು, ಅವರೂ ನಮ್ಮ ಥರಾನೇ. ಕೊಟ್ಟ ಬಿಲ್ ವಾಪಸ್ ಇಸ್ಕೊಳ್ಳೋಕಾಗಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಏಪ್ರಿಲ್ 1ಕ್ಕೆ ಮೊದಲ ಬಿಲ್ ನೀನೇ ನಿಂತು ನೋಡು" ಅಂದ್ರು.

ನಿಮ್ಮ ಕೋಡಲ್ಲೋ, ಆಫೀಸಲ್ಲೋ, ಅಂಗಡಿ ಲೆಕ್ಕದಲ್ಲೋ ಇಂಥ ಒಂದು ಸೊನ್ನೆ ಕಾಟ ಕೊಟ್ಟಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಕೋಡಿಂಗ್ ಕಲಿಯೋಕೆ ಶುರು ಮಾಡಿರೋ ತಮ್ಮನೋ ತಂಗಿಯೋ ಇದ್ರೆ ಈ ಸಂಚಿಕೆ ಅವರಿಗೂ ಕಳಿಸಿ, ಒಂದು ಏಪ್ರಿಲ್ ಉಳಿಯುತ್ತೆ. ಸಿಗೋಣ. ನಮಸ್ಕಾರ.